ಮೊಗಸಾಲೆಯ ಋಣ

ಹಳೆಯ ಮನೆಗಳಿಗೆ ಮುಖವೊಂದಿತ್ತು. ಭಾಲ್ಕಿ, ಔರಾದ ಭಾಗದ ಹಳೆಯ ವಾಡೆಗಳನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಎತ್ತರವಾದ ತಲಬಾಗಿಲು, ಅದರ ಎರಡೂ ಮಗ್ಗುಲಿಗೆ ಕಲ್ಲಿನ ಕಟ್ಟೆ, ಬಾಗಿಲು ದಾಟಿದ ಕೂಡಲೇ ನೆರಳಿನ ಮೊಗಸಾಲೆ. ಸಂತೆಯಿಂದ ಮರಳುವವನು ತಲೆಯ ಮೇಲಿನ ಗಂಟನ್ನು ಆ ಕಟ್ಟೆಯ ಮೇಲಿಳಿಸುತ್ತಿದ್ದನು. ಒಳಗಿನವರನ್ನು ಕೇಳಿ ಕೂರಬೇಕೆಂಬ ನಿಯಮವಿರಲಿಲ್ಲ. ಮನೆ ಒಡೆಯನದು, ಕಟ್ಟೆ ಊರಿನದು ಎಂಬ ಒಪ್ಪಂದವನ್ನು ಯಾರೂ ಬರೆದಿರಲಿಲ್ಲ. ಆದರೂ ಎಲ್ಲರೂ ಪಾಲಿಸುತ್ತಿದ್ದರು. ಒಳಗಿನ ಸಂಪತ್ತು ಎಷ್ಟೇ ಇರಲಿ, ಆ ಮನೆತನ ಎಂಥದೆಂಬುದನ್ನು ಊರವರು ಅಳೆಯುತ್ತಿದ್ದುದು ಕಟ್ಟೆಯ ಮೇಲೆ ಕುಳಿತವನಿಗೆ ಒಳಗಿನಿಂದ ನೀರು ಬರುತ್ತಿತ್ತೋ ಇಲ್ಲವೋ ಎಂಬುದರಿಂದ.

ಇಂದು ಊರುಗಳ ರೀತಿ ಬದಲಾಗಿದೆ. ಬೀದರ ನಗರದಲ್ಲಿಯೂ ಒಂದರ ಮೇಲೊಂದು ಮನೆಗಳಿರುವ ಅಪಾರ್ಟ್‌ಮೆಂಟುಗಳು ಎದ್ದಿವೆ. ಅಲ್ಲಿ ಹದಿನೆಂಟು ಮನೆಗಳಿಗೆ ಒಂದೇ ಮುಖ. ಅದಕ್ಕೆ ಲಾಬಿ ಎಂದು ಹೆಸರು. ಸ್ವಂತ ಮನೆಯ ಮೊಗಸಾಲೆಯನ್ನು ಸಿಂಗರಿಸುವಾಗ ಒಡೆಯನು ತನ್ನ ಮನಸ್ಸನ್ನಷ್ಟೇ ಕೇಳಿದರೆ ಸಾಕು. ಹದಿನೆಂಟು ಮನೆಗಳ ಮೊಗಸಾಲೆಯನ್ನು ಸಿಂಗರಿಸುವಾಗ ಯಾರನ್ನು ಕೇಳಬೇಕು, ಯಾರ ಹಣದಿಂದ ಮಾಡಬೇಕು, ಯಾರಿಗಾಗಿ ಮಾಡಬೇಕು ಎಂಬ ಪ್ರಶ್ನೆಗಳು ಏಳುತ್ತವೆ. ಅಂಥ ಒಂದು ಕಟ್ಟಡದಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯಿದು. ಮೇಲ್ನೋಟಕ್ಕೆ ತೀರ ಸಣ್ಣದು. ಆದರೆ ವಿಚಾರಕ್ಕೆ ಅರ್ಹವಾದುದು.

ಆ ಕಟ್ಟಡದ ನಿವಾಸಿಗಳ ಸಂಘಕ್ಕೆ ಖಜಾಂಚಿಯಾಗಿದ್ದವರು ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು. ಭಾಲ್ಕಿಯ ಕಡೆಯವರು. ಒಂದು ಬಸದಿಯ ಲೆಕ್ಕಪತ್ರಗಳನ್ನು ಬಹುಕಾಲ ನೋಡಿಕೊಂಡಿದ್ದ ಕಾರಣ ಪೈಸೆಗೂ ರಸೀದಿ ಕೇಳುವ ಅಭ್ಯಾಸವಿತ್ತು. ಎಲ್ಲರೂ ಅವರನ್ನು ಮಾಸ್ತರರೆಂದೇ ಕರೆಯುತ್ತಿದ್ದರು. ಸಂಘದ ಕಾರ್ಯದರ್ಶಿ ತರುಣ ವ್ಯಾಪಾರಿ, ಉತ್ಸಾಹಿ, ಕೆಲಸಗಾರ. ಅವರು ಒಂದು ಭಾನುವಾರ ಸಭೆ ಕರೆದು ವಿಷಯ ಮಂಡಿಸಿದರು. ಲಾಬಿಯ ಶಹಾಬಾದ ಫರಸಿ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಗೋಡೆಯ ಕೆಳಭಾಗ ಪ್ರತಿ ಮಳೆಗಾಲದಲ್ಲಿ ತೇವ ಹೀರಿ ಸುಣ್ಣ ಉದುರಿಸುತ್ತಿತ್ತು. ಅಂಚೆಪೆಟ್ಟಿಗೆಗಳ ಬಾಗಿಲುಗಳು ಜೋತುಬಿದ್ದಿದ್ದವು. ಎರಡನೆಯ ಅಂತಸ್ತಿನ ಮನೆಗೆ ಹೆಣ್ಣು ನೋಡಲು ಬಂದವರು ಲಾಬಿಯಲ್ಲಿ ನಿಂತು, ಇದೇನು ಗೋದಾಮಿನ ಬಾಗಿಲೇ ಎಂದು ತಮ್ಮತಮ್ಮಲ್ಲಿ ಮಾತನಾಡಿಕೊಂಡರಂತೆ. ಆ ಮಾತು ಮನೆಯವರ ಕಿವಿಗೆ ಬಿದ್ದಿತ್ತು. ಕ್ರಮೇಣ ಎಲ್ಲ ಮನೆಗಳಿಗೂ ಮುಟ್ಟಿತ್ತು.

ಗುತ್ತಿಗೆದಾರನು ಕೊಟ್ಟ ಅಂದಾಜು 7,20,000 ರೂಪಾಯಿ. ಅಮೃತಶಿಲೆಯಂತೆ ಹೊಳೆಯುವ ದೊಡ್ಡ ವಿಟ್ರಿಫೈಡ್ ಟೈಲ್ಸ್, ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್, ನಡುವೆ ಒಂದು ಝೂಮರ್, ಅಗಲವಾದ ಗಾಜಿನ ಬಾಗಿಲು, ಮೆಟ್ಟಿಲಿನ ಕೆಳಗೆ ಸಣ್ಣ ಕಾರಂಜಿ. ಹದಿನೆಂಟು ಮನೆಗಳಿಗೆ ಸಮನಾಗಿ ಹಂಚಿದರೆ ಮನೆಗೆ 40,000 ರೂಪಾಯಿ. ಕೈ ಎತ್ತಿದವರು ಹನ್ನೊಂದು ಮಂದಿ.

ನೆಲಮಹಡಿಯ ಒಂದು ಸಣ್ಣ ಮನೆಯಲ್ಲಿ ವಿಧವೆಯೊಬ್ಬರು ಕುಟುಂಬ ಪಿಂಚಣಿಯ ಮೇಲೆ ಜೀವನ ಸಾಗಿಸುತ್ತಿದ್ದರು. ಅವರು ಕೈ ಎತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದರು. ಮಾಸ್ತರರ ಕಣ್ಣು ಅದರ ಮೇಲೆ ಬಿತ್ತು.

ಅವರು ಎದ್ದುನಿಂತು ಹೇಳಿದ ಮಾತು ಸಭೆಗೆ ರುಚಿಸಲಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯಿದೆಯಲ್ಲಿ ಅಡಿಪಾಯ, ಕಂಬ, ತೊಲೆ, ಮಾಳಿಗೆ, ಓಣಿ, ಲಾಬಿ, ಮೆಟ್ಟಿಲುಗಳನ್ನು ಹೆಸರಿಸಿ, ಇವು ಎಲ್ಲರಿಗೂ ಸೇರಿದವೆಂದು ಹೇಳಿದೆ. ಇವನ್ನು ಯಾರೂ ಪಾಲು ಮಾಡಿಕೊಳ್ಳುವಂತಿಲ್ಲ. ಇವುಗಳ ವೆಚ್ಚವನ್ನು ಪ್ರತಿಯೊಬ್ಬ ಮಾಲೀಕನೂ ತನ್ನ ಮನೆಗೆ ಘೋಷಣಾಪತ್ರದಲ್ಲಿ ನಮೂದಾದ ಶೇಕಡಾವಾರು ಪಾಲಿನಂತೆ ಕೊಡತಕ್ಕದ್ದು. ನಾನು ಆ ಜಾಗವನ್ನು ಬಳಸುವುದೇ ಇಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಹಾಗಾದರೆ ಸಮನಾಗಿ ಹಂಚುವ ಪದ್ಧತಿಯೇ ಮೊದಲು ತಪ್ಪು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಬಸದಿಯ ಜೀರ್ಣೋದ್ಧಾರಕ್ಕೆ ಬರುವ ಹಣ ದಾನ. ಕೊಡುವವನು ಮನಸ್ಸು ಬಂದಷ್ಟು ಕೊಡುತ್ತಾನೆ, ಮನಸ್ಸಿಲ್ಲದಿದ್ದರೆ ಕೈಮುಗಿದು ಹೋಗುತ್ತಾನೆ. ಲಾಬಿಯ ಹಣ ಹಾಗಲ್ಲ. ಇಲ್ಲವೆನ್ನಲು ಬಾರದವನಿಂದಲೂ ಅದು ಬರುತ್ತದೆ. ಇಲ್ಲವೆನ್ನಲು ಬಾರದವನ ಹಣವನ್ನು ಖರ್ಚು ಮಾಡುವವನ ಕೈ, ದಾನದ ಹಣ ಮುಟ್ಟುವ ಕೈಗಿಂತ ಹೆಚ್ಚು ನಡುಗಬೇಕು.

"ಹಾಗಾದರೆ ಏನೂ ಮಾಡುವುದು ಬೇಡವೇನ್ರಿ ಸರ್? ಗೋಡೆ ಹೀಗೇ ಉದುರಲೇನ್ರಿ?" ಎಂದು ಕಾರ್ಯದರ್ಶಿ ಕೇಳಿದರು. ಪ್ರಶ್ನೆಯಲ್ಲಿ ನ್ಯಾಯವಿತ್ತು. ಕೆಡುತ್ತಿರುವುದನ್ನು ಕಣ್ಣೆದುರೇ ಕೆಡಲು ಬಿಡುವುದು ವೈರಾಗ್ಯವಲ್ಲ, ಅದು ಪ್ರಮಾದ. ಕಾಲೇಜಿನಲ್ಲಿ ಓದುವ ಹುಡುಗನೊಬ್ಬ ಇನ್ನೊಂದು ಮಾತು ಹೇಳಿದ. ಬೀದರದಂಥ ಊರಿನಲ್ಲಿ ಹುಟ್ಟಿ ಅಲಂಕಾರ ಬೇಡವೆನ್ನುವುದು ಹೇಗೆ? ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂಡಿಸಿದ್ದಾರೆ. 1472ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸಾದ ಮುಂಭಾಗಕ್ಕೆ ನೀಲಿ, ಹಳದಿ, ಬಿಳಿ ಹೆಂಚುಗಳನ್ನು ಹೊದಿಸಿದ್ದರು. ಸತುವು ತಾಮ್ರಗಳ ಮಿಶ್ರಲೋಹದಲ್ಲಿ ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣಿನಿಂದ ಕಪ್ಪುಗೊಳಿಸುವ ಬಿದ್ರಿ ಕಲೆಗೆ ಈ ಊರಿನದೇ ಹೆಸರು.

ಹುಡುಗನ ಮಾತನ್ನು ಮಾಸ್ತರರು ಅಲ್ಲಗಳೆಯಲಿಲ್ಲ. ಮರುದಿನ ಸಂಜೆ ವಾಯುಸೇವನೆಗೆ ಹೊರಟವರು ಚೌಬಾರಾ ದಾಟಿ ಆ ಮದರಸಾದ ಎದುರು ಹೋಗಿ ನಿಂತರು. 1696ರಲ್ಲಿ ಮದ್ದಿನ ಸ್ಫೋಟದಿಂದ ಅದರ ಮುಂಭಾಗದ ಬಹುಪಾಲು ಹಾರಿಹೋಯಿತು. ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದು. ಹೆಂಚುಗಳು ಅಲ್ಲಲ್ಲಿ ಮಾತ್ರ ಕಾಣುತ್ತವೆ. ಆದರೂ ಅದನ್ನು ನೋಡಿದವನಿಗೆ ಅದು ವಿದ್ಯಾಲಯವೆಂದು ಯಾರೂ ಹೇಳಬೇಕಾಗಿಲ್ಲ. ಅಂಗಳದ ಸುತ್ತಲೂ ವಿದ್ಯಾರ್ಥಿಗಳಿಗೆಂದು ಕಟ್ಟಿದ ಕೋಣೆಗಳು ಅದನ್ನು ಹೇಳುತ್ತವೆ. ಆ ಹೆಂಚಿನ ಅಲಂಕಾರ ದೂರದೇಶದಿಂದ ಓದಲು ಬರುವವನನ್ನು ಗೌರವಿಸಲು ಇತ್ತು. ಪಕ್ಕದ ಕಟ್ಟಡಕ್ಕಿಂತ ನಮ್ಮದು ಮೇಲೆಂದು ತೋರಲು ಹಚ್ಚುವ ಹೊಳಪು ಬೇರೆ, ಒಳಗೆ ಬರುವವನಿಗೆ ಬಾ ಎನ್ನಲು ಮಾಡುವ ಸಿಂಗಾರ ಬೇರೆ. ಕಣ್ಣಿಗೆ ಎರಡೂ ಒಂದೇ ಕಂಡಾವು. ಬರುವವನ ಕಾಲಿಗೆ, ಬೆನ್ನಿಗೆ, ಮನಸ್ಸಿಗೆ ವ್ಯತ್ಯಾಸ ತಿಳಿಯುತ್ತದೆ.

ಈ ವಿಚಾರವನ್ನು ಮುಂದಿಟ್ಟುಕೊಂಡು ಮಾಸ್ತರರೂ ಕಾರ್ಯದರ್ಶಿಯೂ ಅಂದಾಜನ್ನು ಸಾಲುಸಾಲಾಗಿ ಓದಿದರು.

ಮೊದಲನೆಯದು ನೆಲ. ಹೊಳೆಯುವ ಟೈಲ್ಸ್ ಒಣಗಿದ್ದಾಗ ಕನ್ನಡಿ, ಒದ್ದೆಯಾದಾಗ ಜಾರುಬಂಡೆ. ಮಳೆಗಾಲದಲ್ಲಿ ಕೊಡೆಗಳಿಂದ ನೀರು ತೊಟ್ಟಿಕ್ಕುವ ಜಾಗಕ್ಕೆ ಅದು ತಕ್ಕದ್ದಲ್ಲ. ಹಳೆಯ ಗೌಂಡಿಯೊಬ್ಬನನ್ನು ಕರೆಸಿ ತೋರಿಸಿದಾಗ ಅವನು ಮೊಣಕಾಲೂರಿ ಫರಸಿಯನ್ನು ಬೆರಳಿನ ಗೆಣ್ಣಿನಿಂದ ಬಡಿದು ನೋಡಿದ. ಟೊಳ್ಳು ಸದ್ದು ಬಂದ ಕಡೆ ಸುಣ್ಣದ ಗೆರೆ ಎಳೆದ. ಒಟ್ಟು ಎಣಿಸಿದರೆ ಹದಿನಾಲ್ಕು ಕಲ್ಲುಗಳು ಮಾತ್ರ ಕೆಟ್ಟಿದ್ದವು. "ಉಳಿದ ಕಲ್ಲು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತಾವ್ರಿ. ಉಜ್ಜಿ, ಸಂದು ತುಂಬಿದರೆ ಸಾಕು" ಎಂದ. ನೆರೆಯ ಕಲಬುರಗಿ ಜಿಲ್ಲೆಯ ಶಹಾಬಾದಿನ ನೆಲದಿಂದ ಬಂದ ಆ ಸುಣ್ಣಕಲ್ಲು ಈ ಭಾಗದ ಎಷ್ಟೋ ಮನೆ, ಶಾಲೆ, ಗುಡಿಗಳ ಅಂಗಳವಾಗಿದೆ. ಚೆನ್ನಾಗಿರುವ ಕಲ್ಲನ್ನು ಒಡೆದು ಕಸಕ್ಕೆ ಹಾಕಿ ಬೆಂಕಿಯಲ್ಲಿ ಸುಟ್ಟ ಹೊಸ ಹಲಗೆಯನ್ನು ತರುವುದು ಅಗತ್ಯದ ಆರಂಭವಲ್ಲ. ಪ್ರಯೋಜನವಿಲ್ಲದ ಹಾನಿಗೆ ನಮ್ಮ ಹಿರಿಯರು ಅನರ್ಥದಂಡವೆಂಬ ಹೆಸರಿಟ್ಟು, ಅದರಿಂದ ದೂರವಿರುವುದನ್ನು ಗೃಹಸ್ಥನಿಗೆ ಒಂದು ವ್ರತವನ್ನಾಗಿಯೇ ಹೇಳಿದ್ದಾರೆ.

ಎರಡನೆಯದು ಬಾಗಿಲು. ಗಾಜಿನ ಬಾಗಿಲು ಕೂರಲು ಎಡಗಡೆಯ ಕಂಬವನ್ನು ನಾಲ್ಕು ಬೆರಳು ಕೆತ್ತಬೇಕೆಂದು ಗುತ್ತಿಗೆದಾರನು ಹೇಳಿದ್ದ. ಇದನ್ನು ಓದಿದ ಕೂಡಲೇ ಮಾಸ್ತರರಿಗೆ ನೆನಪಾದುದು 1993ರ ಸೆಪ್ಟೆಂಬರ್ 30ರ ನಸುಕು. ಹಿಂದಿನ ದಿನ ಅನಂತ ಚತುರ್ದಶಿ. ದಶಲಕ್ಷಣ ಪರ್ವ ಮುಗಿದು, ಗಣಪತಿಗಳನ್ನು ನೀರಿಗೆ ಬಿಟ್ಟು ಜನ ದಣಿದು ಮಲಗಿದ್ದರು. ನಾಲ್ಕು ಗಂಟೆಗೆ ಕೆಲವು ನಿಮಿಷಗಳಿರುವಾಗ ನೆಲ ನಡುಗಿತು. ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಮಣ್ಣಿನಲ್ಲಿ ಕಲ್ಲಿಟ್ಟು ಕಟ್ಟಿದ ದಪ್ಪ ಗೋಡೆಯ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಸುಮಾರು ಹತ್ತು ಸಾವಿರ ಜನ ತೀರಿಕೊಂಡರು. ಭಾಲ್ಕಿಯಲ್ಲಿ ಆ ನಸುಕಿನಲ್ಲಿ ಮಕ್ಕಳನ್ನೆತ್ತಿಕೊಂಡು ಬೀದಿಗೆ ಓಡಿದವರಲ್ಲಿ ಮಾಸ್ತರರೂ ಒಬ್ಬರು. ಕಟ್ಟಡದ ಬಲವನ್ನು ಬಲ್ಲ ಇಂಜಿನಿಯರರೊಬ್ಬರನ್ನು ಕರೆಸದೆ ಒಂದು ಉಳಿಯನ್ನೂ ಎತ್ತಕೂಡದೆಂದು ಅವರು ಹಠ ಹಿಡಿದರು. ಬಂದ ಇಂಜಿನಿಯರರು ಹೇಳಿದ್ದು ಇಷ್ಟು: ಕೆಳಗೆ ವಾಹನಗಳಿಗೆಂದು ಬಯಲು ಬಿಟ್ಟ ಕಟ್ಟಡದಲ್ಲಿ ಗೋಡೆಗಳು ಕಡಿಮೆ, ಭೂಮಿ ಅಲುಗಿದರೆ ಎಲ್ಲ ಭಾರವೂ ಒತ್ತಡವೂ ಆ ಕೆಲವು ಕಂಬಗಳ ಮೇಲೆಯೇ ಬೀಳುತ್ತದೆ. ಅವುಗಳ ಒಂದಿಂಚನ್ನೂ ಕೆತ್ತುವಂತಿಲ್ಲ. ಬಾಗಿಲೇ ಕಿರಿದಾಗಲಿ.

ಮೂರನೆಯದು ಅಂದಾಜಿನಲ್ಲಿ ಇರಲೇ ಇಲ್ಲ. ಬಾಗಿಲಿನೆದುರು ಆರಾರು ಅಂಗುಲದ ಮೂರು ಮೆಟ್ಟಿಲುಗಳಿದ್ದವು. ಮೂರನೆಯ ಅಂತಸ್ತಿನ ವೃದ್ಧರೊಬ್ಬರು ಪಾರ್ಶ್ವವಾಯುವಾದ ಮೇಲೆ ಗಾಲಿಕುರ್ಚಿಯಲ್ಲಿದ್ದರು. ಲಿಫ್ಟು ಅವರನ್ನು ಲಾಬಿಯವರೆಗೆ ತರುತ್ತಿತ್ತು; ಆ ಮೂರು ಮೆಟ್ಟಿಲುಗಳು ಅವರನ್ನು ಅಲ್ಲಿಯೇ ತಡೆಯುತ್ತಿದ್ದವು. ಆಸ್ಪತ್ರೆಗೆ ಹೋಗುವ ದಿನ ಇಬ್ಬರು ಅವರನ್ನು ಕುರ್ಚಿ ಸಹಿತ ಎತ್ತುತ್ತಿದ್ದರು. ಎತ್ತುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದುದನ್ನು ನೋಡಿದವರಿಗೆ ಅದು ಭಯವೋ ನಾಚಿಕೆಯೋ ತಿಳಿಯುತ್ತಿರಲಿಲ್ಲ. ಗಾಲಿಕುರ್ಚಿಯ ಇಳಿಜಾರು ಹನ್ನೆರಡಕ್ಕೆ ಒಂದರ ಪ್ರಮಾಣದಲ್ಲಿರಬೇಕು. ಹದಿನೆಂಟು ಅಂಗುಲ ಏರಲು ಹದಿನೆಂಟು ಅಡಿ ಉದ್ದ ಬೇಕು. ಗೋಡೆಯ ಪಕ್ಕದಲ್ಲಿ ಅಷ್ಟು ಜಾಗ ಮೊದಲಿನಿಂದಲೂ ಇತ್ತು. ಅಲ್ಲಿ ಹೂಕುಂಡಗಳನ್ನು ಇಟ್ಟಿದ್ದರು.

ನಾಲ್ಕನೆಯದೇ ಕಠಿಣವಾದುದು.

ಕಾರಂಜಿ ಬರಬೇಕಾದ ಮೆಟ್ಟಿಲಿನ ಕೆಳಗೆ ಕಾವಲುಗಾರನ ಸಂಸಾರವಿತ್ತು. ಔರಾದ ತಾಲೂಕಿನ ಒಂದು ಹಳ್ಳಿಯವನು. ಗಂಡ, ಹೆಂಡತಿ, ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು. ಒಂದು ಹಳೆಯ ಸೀರೆಯೇ ಅವರ ಗೋಡೆ. ಹುಡುಗಿ ರಾತ್ರಿ ಲಾಬಿಯ ದೀಪದ ಕೆಳಗೆ, ಲಿಫ್ಟಿನ ಬಾಗಿಲಿನ ಪಕ್ಕದಲ್ಲಿ ಕುಳಿತು ಓದುತ್ತಿದ್ದಳು. ಹೋಗಿಬರುವವರಿಗೆ ದಾರಿಯಾಗಲೆಂದು ಪ್ರತಿ ಸಲವೂ ಪುಸ್ತಕವನ್ನು ಎದೆಗವಚಿ ಎದ್ದುನಿಲ್ಲುತ್ತಿದ್ದಳು. ಇಂಜಿನಿಯರರು ಆ ಮೂಲೆಯನ್ನು ನೋಡಿ ಮುಖ ಗಂಟಿಕ್ಕಿದರು. ಸೀರೆಯ ಹಿಂದೆಯೇ ಕಟ್ಟಡದ ವಿದ್ಯುತ್ ಮೀಟರುಗಳಿದ್ದವು. ಕಿಡಿ ಹಾರಿದರೆ ಮೊದಲು ಹೊತ್ತುವುದು ಈ ಮೂಲೆ. ಮೇಲಿನವರೆಲ್ಲರಿಗೂ ಇಳಿಯಲು ಇರುವುದು ಈ ಮೆಟ್ಟಿಲೊಂದೇ. ಇಲ್ಲಿ ಯಾರೂ ಮಲಗಕೂಡದೆಂದರು.

ಸಭೆಗೆ ಇದರಿಂದ ಒಂದು ರೀತಿಯ ಸಮಾಧಾನವೇ ಆಯಿತು. ನಾವೇನೂ ಕಠೋರರಲ್ಲ, ಸುರಕ್ಷತೆಯೇ ಹೀಗೆ ಹೇಳುತ್ತಿದೆ ಎಂದು ಕೆಲವರು ಅಂದರು. ಸಂಸಾರವನ್ನು ಊರಿಗೆ ಕಳುಹಿಸಿ, ಏಜೆನ್ಸಿಯಿಂದ ರಾತ್ರಿಯ ಆಳನ್ನು ತರಿಸುವ ಸಲಹೆ ಬಂತು. ಮಾಸ್ತರರು ಅದಕ್ಕೆ ಒಪ್ಪಲಿಲ್ಲ. ಆದರೆ ಬೇರೆ ಜಾಗ ಎಲ್ಲಿದೆ ಎಂಬ ಪ್ರಶ್ನೆಗೆ ಅವರಲ್ಲಿಯೂ ಉತ್ತರವಿರಲಿಲ್ಲ.

ಆ ರಾತ್ರಿ ಕಂಬಗಳ ಅಳತೆ ನೋಡಲೆಂದು ಅವರು ಸಂಘದ ಕಡತದಿಂದ ಕಟ್ಟಡದ ಮಂಜೂರಾದ ನಕಾಶೆಯನ್ನು ಹೊರತೆಗೆದರು. ಮಡಿಕೆಗಳಲ್ಲಿ ಹರಿದಿದ್ದ ಕಾಗದವನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಬೆರಳಿಟ್ಟು ನೋಡುತ್ತ ಹೋದರು. ವಾಹನಗಳ ಜಾಗದ ಹಿಂಬದಿಯಲ್ಲಿ, ಈಶಾನ್ಯ ಮೂಲೆಯಲ್ಲಿ, ಹತ್ತಡಿ ಉದ್ದ ಎಂಟಡಿ ಅಗಲದ ಒಂದು ಚೌಕ. ಅದರೊಳಗೆ ಸಣ್ಣ ಅಕ್ಷರಗಳಲ್ಲಿ ಕಾವಲುಗಾರನ ಕೋಣೆ ಎಂದು ಬರೆದಿತ್ತು. ಒಂದು ಕಿಟಕಿ, ಪಕ್ಕದಲ್ಲಿ ಶೌಚಾಲಯ.

ಕೋಣೆ ಎಲ್ಲಿದೆಯೆಂದು ಅವರು ಹುಡುಕಬೇಕಾಗಿರಲಿಲ್ಲ. ಅದರ ಕೀಲಿಕೈ ಹನ್ನೊಂದು ವರ್ಷಗಳಿಂದ ಅವರದೇ ಗೊಂಚಲಿನಲ್ಲಿತ್ತು.

ಭಾಲ್ಕಿಯ ಪೂರ್ವಿಕರ ವಾಡೆಯನ್ನು ಅಣ್ಣತಮ್ಮಂದಿರು ಹಂಚಿಕೊಂಡು ಕೆಡವಿದಾಗ ಅದರ ತಲಬಾಗಿಲನ್ನು ಮಾಸ್ತರರು ಕೇಳಿ ಪಡೆದಿದ್ದರು. ಸಾಗುವಾನಿಯ ಎರಡು ಭಾರಿ ಕದಗಳು, ಕೆತ್ತನೆಯ ಚೌಕಟ್ಟು. ಫ್ಲ್ಯಾಟಿನೊಳಗೆ ಅದು ಹಿಡಿಸಲಿಲ್ಲ. ಆಗಿನ ಕಾರ್ಯದರ್ಶಿ ಕೆಳಗಿನ ಕೋಣೆಯಲ್ಲಿ ಇಡಿರೆಂದರು. ಆಗ ಮದುವೆಯಾಗದ ತರುಣನಾಗಿದ್ದ ಇದೇ ಕಾವಲುಗಾರನು ತನ್ನ ಹಾಸಿಗೆಯನ್ನು ತಾನೇ ಸುತ್ತಿಕೊಂಡು, "ಇರಲಿ ಬಿಡ್ರಿ ಸರ್, ನನಗೊಬ್ಬವನಿಗೆ ಎಷ್ಟು ಜಾಗ ಬೇಕ್ರಿ" ಎಂದು ಮೆಟ್ಟಿಲಿನ ಕೆಳಗೆ ಹೋಗಿದ್ದನು. ಹೆಂಡತಿಯೂ ಅವಳ ಅಕ್ಕನ ತಾಯಿಲ್ಲದ ಮಗುವೂ ಆಮೇಲೆ ಬಂದರು. ಆ ಮಗುವನ್ನು ಅವರೇ ಮಗಳೆಂದು ಬೆಳೆಸಿದರು. ಬಾಗಿಲಿನ ಹಿಂದೆಯೇ ಒಂದು ತಿಜೋರಿ, ಮಡದಿಯು ತೀರಿಕೊಂಡ ಮೇಲೆ ಅವರ ಹೊಲಿಗೆಯಂತ್ರ, ಶಾಲೆಯ ಹಳೆಯ ಕಡತಗಳು ಆ ಕೋಣೆ ಸೇರಿದವು. ಕೋಣೆ ತುಂಬಿತು. ಬೀಗ ಬಿತ್ತು.

ವಿಧವೆಯ ಮೌನವನ್ನು ಸಭೆಯಲ್ಲಿ ಗುರುತಿಸಿ, ಇಲ್ಲವೆನ್ನಲು ಬಾರದವರ ಪರವಾಗಿ ಮಾತನಾಡಿದವರು ಅವರು. ಹನ್ನೊಂದು ವರ್ಷಗಳ ಹಿಂದೆ ಇಲ್ಲವೆನ್ನಲು ಬಾರದವನೊಬ್ಬನು ಇರಲಿ ಬಿಡಿ ಎಂದುದನ್ನು ಒಪ್ಪಿಗೆಯೆಂದು ತಿಳಿದವರೂ ಅವರೇ. ಅಚೌರ್ಯವೆಂದರೆ ಬೀಗ ಮುರಿಯದಿರುವುದು ಮಾತ್ರವಲ್ಲ, ಕೊಡದಿರುವುದನ್ನು ತೆಗೆದುಕೊಳ್ಳದಿರುವುದು ಎಂದು ಪಾಠಶಾಲೆಯ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದರು. ಸಂಕೋಚದಿಂದ ಬಿಟ್ಟುಕೊಟ್ಟದ್ದು ಕೊಟ್ಟದ್ದಾಗುತ್ತದೆಯೇ ಎಂದು ಯಾವ ಮಗುವೂ ಕೇಳಿರಲಿಲ್ಲ.

ನಸುಕಿನಲ್ಲಿ ಅವರು ಕೆಳಗಿಳಿದು ಆ ಕೋಣೆಯ ಬೀಗ ತೆಗೆದರು. ಗಾಳಿ ಆಡದ ಕೋಣೆಯ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಚೌಕಟ್ಟಿನ ಕೆತ್ತನೆಯ ಮೇಲೆ ಕೈಯಿಟ್ಟಾಗ ಮರ ಹಿಟ್ಟಿನಂತೆ ಉದುರಿತು. ಗೋಡೆಯ ತೇವದಿಂದ ಏರಿದ ಗೆದ್ದಲು ಒಳಗಿನಿಂದ ಅದನ್ನು ತಿಂದು ಮುಗಿಸಿತ್ತು. ಹೊರಗಿನ ಬಣ್ಣ ಮಾತ್ರ ಬಾಗಿಲಿನ ಆಕಾರದಲ್ಲಿ ನಿಂತಿತ್ತು. ಯಾರು ಬಂದು ಕುಳಿತರೂ ಕೇಳದಿದ್ದ ವಾಡೆಯ ಬಾಗಿಲು ಅದು. ಅದನ್ನು ಕಾಪಾಡಲೆಂದು ಒಂದು ಸಂಸಾರವನ್ನು ಹನ್ನೊಂದು ವರ್ಷ ಮೀಟರುಗಳ ಕೆಳಗೆ ಮಲಗಿಸಿದ್ದಾಗಿತ್ತು. ಅದೂ ಉಳಿಯಲಿಲ್ಲ.

ಮುಂದಿನ ಸಭೆಯಲ್ಲಿ ಮಾಸ್ತರರು ನಕಾಶೆಯನ್ನು ಮೇಜಿನ ಮೇಲಿಟ್ಟು ವಿಷಯವನ್ನು ಇದ್ದುದಿದ್ದಂತೆ ಹೇಳಿದರು. ಕೋಣೆಯ ದುರಸ್ತಿಯ ವೆಚ್ಚವನ್ನು ತಾವೇ ಭರಿಸುವುದಾಗಿಯೂ, ಅದನ್ನು ಉಪಕಾರವೆಂದು ನಡಾವಳಿಯಲ್ಲಿ ಬರೆಯದೆ ಬಾಕಿ ಸಂದಾಯವೆಂದು ಬರೆಯಬೇಕೆಂದೂ ಕೇಳಿಕೊಂಡರು. ಯಾರೂ ಕೂಡಲೇ ಮಾತನಾಡಲಿಲ್ಲ. "ಇರಲಿ ಬಿಡ್ರಿ ಸರ್, ನಿಮಗೇನು ಗೊತ್ತಿತ್ತೇನ್ರಿ" ಎಂದು ಒಬ್ಬರು ಸಮಾಧಾನ ಹೇಳಿದರು. ಆ ಮಾತು ಮಾಸ್ತರರಿಗೆ ಬಯ್ಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಆಮೇಲೆ ಕಾರ್ಯದರ್ಶಿಯೇ ಮೆಲ್ಲಗೆ ಹೇಳಿದರು: ಮೊದಲ ಅಂತಸ್ತಿನ ಮೆಟ್ಟಿಲ ತಿರುವಿನಲ್ಲಿರುವ ಸರಕಿನ ಪೆಟ್ಟಿಗೆಗಳು ನಮ್ಮವು; ನಾಳೆ ತೆಗೆಸುತ್ತೇನೆ. ಒಬ್ಬರಿಗೆ ಓಣಿಯಲ್ಲಿಟ್ಟ ಚಪ್ಪಲಿಯ ಕಪಾಟು ನೆನಪಾಯಿತು, ಇನ್ನೊಬ್ಬರಿಗೆ ಮಾಳಿಗೆಯ ಮೇಲೆ ತಾವೇ ಬೀಗ ಹಾಕಿದ್ದ ಕಬ್ಬಿಣದ ಜಾಲರಿ. ಎಲ್ಲರಿಗೂ ಸೇರಿದ ಜಾಗದಲ್ಲಿ ಒಂದೊಂದು ಅಂಗುಲವನ್ನು ತಮ್ಮದಾಗಿಸಿಕೊಳ್ಳದ ಮನೆ ಹದಿನೆಂಟರಲ್ಲಿ ಎಷ್ಟಿದ್ದವೆಂದು ಯಾರೂ ಲೆಕ್ಕ ಹಾಕಲಿಲ್ಲ.

ಇದಾದ ಮೇಲೆ ಎಲ್ಲರ ಮನಸ್ಸೂ ಒಂದಾಯಿತೆಂದು ಬರೆದರೆ ಅಸತ್ಯವಾಗುತ್ತದೆ. ಝೂಮರ್ ಬೇಕೇ ಬೇಕೆಂದವರು ಕೊನೆಯವರೆಗೂ ಮುನಿಸಿಕೊಂಡಿದ್ದರು. ಒಂದು ಮನೆಯವರು ತಮ್ಮ ಪಾಲನ್ನು ಎಂಟು ತಿಂಗಳು ತಡೆಹಿಡಿದರು. ಹೆಚ್ಚು ಹಣ ಕೊಡುವವರ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸಿ ಗೋಡೆಗೆ ಹಚ್ಚಬೇಕೆಂಬ ಸಲಹೆಯೂ ಬಂದಿತ್ತು. ಎಲ್ಲರೂ ಕೊಡಲೇಬೇಕಾದ ಹಣಕ್ಕೆ ಕೆಲವರ ಹೆಸರು ಏಕೆ ಎಂದು ಗಾಲಿಕುರ್ಚಿಯ ವೃದ್ಧರ ಮಗ ಕೇಳಿದ ಮೇಲೆ ಅದು ಬಿದ್ದುಹೋಯಿತು. ಗುತ್ತಿಗೆದಾರನು ಬಾಗಿಲು ಕಿಟಕಿಗಳ ತೆರವನ್ನೂ ಗೋಡೆಯೆಂದೇ ಅಳೆದು ಬಣ್ಣದ ಬಿಲ್ಲು ಕೊಟ್ಟಿದ್ದನು. ರಸೀದಿ ಬೇಡವೆಂದರೆ ತೆರಿಗೆಯಷ್ಟು ಕಡಿಮೆ ಮಾಡುವೆನೆಂದೂ ಹೇಳಿದ್ದನು. ಹೆಚ್ಚುಕಡಿಮೆ ಅಳತೆ, ರಾಜ್ಯದ ನಿಯಮವನ್ನು ಮೀರಿದ ವ್ಯವಹಾರ ಇವೆರಡನ್ನೂ ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಮಾಸ್ತರರು ಅದನ್ನೇನೂ ಉಪದೇಶಿಸಲಿಲ್ಲ. ಅಳತೆಯ ಟೇಪನ್ನು ಗುತ್ತಿಗೆದಾರನ ಕೈಗೆ ಕೊಟ್ಟು ಇನ್ನೊಂದು ತುದಿಯನ್ನು ತಾವು ಹಿಡಿದರು. ಹೊಸ ಬಿಲ್ಲು, ರಸೀದಿ ಸಹಿತ, ಮರುದಿನ ಬಂತು.

ಒಟ್ಟು ವೆಚ್ಚ 4,20,000 ರೂಪಾಯಿಗೆ ನಿಂತಿತು. ಆ ಕಟ್ಟಡದಲ್ಲಿ ಪಾಲು ಮನೆಯ ವಿಸ್ತೀರ್ಣದ ಪ್ರಕಾರವಿತ್ತು. ಸಾವಿರ ಚದರಡಿಯ ಹನ್ನೆರಡು ಮನೆಗಳಿಗೆ ತಲಾ 20,000, ಒಂದೂವರೆ ಸಾವಿರ ಚದರಡಿಯ ಆರು ಮನೆಗಳಿಗೆ ತಲಾ 30,000. ಬೇಕೆಂದವರಿಗೆ ಹತ್ತು ಕಂತು. ನೆಲಮಹಡಿಯ ತಾಯಿ ತಿಂಗಳಿಗೆ ಎರಡು ಸಾವಿರದಂತೆ, ಪ್ರತಿ ತಿಂಗಳ ಐದನೆಯ ತಾರೀಖಿಗೆ ತಪ್ಪದೆ ಕೊಟ್ಟರು; ಪ್ರತಿ ಸಲವೂ ರಸೀದಿಯನ್ನು ಓದಿ, ಮಡಿಚಿ, ಚೀಲಕ್ಕೆ ಹಾಕಿಕೊಂಡರು. ಬೇಡಿದವರಂತೆ ಅವರು ಒಮ್ಮೆಯೂ ತಲೆ ತಗ್ಗಿಸಬೇಕಾಗಲಿಲ್ಲ.

ಈಗ ಆ ಲಾಬಿಯನ್ನು ನೋಡಿದವರಿಗೆ ವಿಶೇಷವೇನೂ ಕಾಣದು. ಉಜ್ಜಿ ನಯಗೊಳಿಸಿದ ಬೂದುಬಣ್ಣದ ಫರಸಿ, ತೇವ ನಿಂತ ಬಿಳಿಗೋಡೆ, ಬಾಗಿಲಿನ ಪಕ್ಕ ಕೈಹಿಡಿಯುಳ್ಳ ಇಳಿಜಾರು. ಕಟ್ಟಡದ ಹೆಸರಿರುವ ಅಂಗೈಯಗಲದ ಒಂದು ಬಿದ್ರಿ ಫಲಕವಿದೆ. ಊರಿನ ಕುಶಲಕರ್ಮಿಯೊಬ್ಬರ ಕೈಯಲ್ಲಿ ಮಾಡಿಸಿದ್ದು, ಆ ಕಾಲೇಜು ಹುಡುಗನ ಹಠಕ್ಕೆ. ಉಳಿದ ಫರಸಿಗಳಿಂದ ಗೌಂಡಿಯು ಒಳಗೋಡೆಗೆ ಒಂದು ಕಟ್ಟೆ ಕಟ್ಟಿದ. ತರಕಾರಿ ಮಾರುವ ಹೆಂಗಸು ಲಿಫ್ಟಿಗೆ ಕಾಯುವಾಗ ಬುಟ್ಟಿಯನ್ನು ಅದರ ಮೇಲಿಳಿಸುತ್ತಾಳೆ. ಗಾಲಿಕುರ್ಚಿಯ ವೃದ್ಧರು ಸಂಜೆ ತಾವಾಗಿಯೇ ಬಾಗಿಲಿನವರೆಗೆ ಬಂದು, ಮಗನ ಕೈ ಹಿಡಿಯದೆ ಇಳಿಜಾರು ಇಳಿದು, ರಸ್ತೆಯನ್ನು ನೋಡುತ್ತ ನಿಲ್ಲುತ್ತಾರೆ.

ಕೋಣೆಯ ಕೆಲಸ ಮುಗಿದ ದಿನ ಮಾಸ್ತರರು ಕೀಲಿಕೈಯನ್ನು ಕಾವಲುಗಾರನ ಕೈಗಿಟ್ಟರು. ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡನು. ಹುಡುಗಿ ಕಿಟಕಿಯನ್ನು ತೆಗೆದು ಮುಚ್ಚಿ ನೋಡಿ, ಹೊರಗೆ ಬಂದು ಕೇಳಿದಳು: "ಅಜ್ಜಾ, ಇನ್ನೊಂದು ಕೀಲಿಕೈ ನಿಮ್ಮ ಹತ್ತಿರ ಇರ್ತದೇನ್ರಿ?"

ತಂದೆ ಗದರಿಸಹೊರಟನು. ಮಾಸ್ತರರು ತಡೆದರು. ಇನ್ನೊಂದು ಕೀಲಿಕೈ ಅವರ ಗೊಂಚಲಿನಲ್ಲಿ ಇದ್ದೇ ಇತ್ತು, ಅಭ್ಯಾಸಬಲದಿಂದ ಉಳಿದುಬಿಟ್ಟಿತ್ತು. ಗೊಂಚಲಿನ ಬಿಗಿಯಾದ ಉಂಗುರವನ್ನು ಉಗುರಿನಿಂದ ಬಿಡಿಸಿ, ಅದನ್ನು ತೆಗೆದು ಆ ಹುಡುಗಿಯ ಅಂಗೈಯಲ್ಲಿಟ್ಟರು.

ಆ ರಾತ್ರಿ ಸಂಘದ ಆಸ್ತಿಯ ದಫ್ತರದಲ್ಲಿ ಅವರು ಒಂದು ಸಾಲು ಬರೆದರು: ಕಾವಲುಗಾರನ ಕೋಣೆ, ಕೀಲಿಕೈ ಎರಡು, ಸಂಬಂಧಪಟ್ಟವರ ಸ್ವಾಧೀನಕ್ಕೆ ಹಿಂದಿರುಗಿಸಲಾಗಿದೆ. ಕೊಡಲಾಗಿದೆ ಎಂದು ಮೊದಲು ಬರೆದು, ಅದನ್ನು ಹೊಡೆದುಹಾಕಿ, ಹಿಂದಿರುಗಿಸಲಾಗಿದೆ ಎಂದು ತಿದ್ದಿದರು. ಆ ತಿದ್ದುಪಡಿಯ ಪಕ್ಕದಲ್ಲಿ ನಿಯಮದಂತೆ ಸಹಿ ಹಾಕಿದರು.

ಸಮುದಾಯದ ಕಟ್ಟಡಗಳನ್ನು, ಧರ್ಮಶಾಲೆಗಳನ್ನು, ಬಸದಿಗಳ ಆಸ್ತಿಯನ್ನು ನೋಡಿಕೊಳ್ಳುವ ಎಲ್ಲರ ಬಳಿಯೂ ಕೀಲಿಕೈಗಳ ಒಂದು ಗೊಂಚಲಿರುತ್ತದೆ. ಜೀರ್ಣೋದ್ಧಾರಕ್ಕೆ ಅಂದಾಜು ತರಿಸುವ ಮುನ್ನ ಆ ಗೊಂಚಲನ್ನೊಮ್ಮೆ ಮೇಜಿನ ಮೇಲೆ ಹರಡಿ, ಪ್ರತಿಯೊಂದು ಕೀಲಿಕೈಯೂ ಯಾವ ಬಾಗಿಲಿನದು, ಆ ಬಾಗಿಲಿನ ಹಿಂದೆ ಯಾರಿರಬೇಕಾಗಿತ್ತು ಎಂದು ನೋಡುವುದು ಒಳಿತು. ಅದಕ್ಕೆ ಖರ್ಚೇನೂ ಇಲ್ಲ.